ಏಳನೆಯ ಹೂವು

ಪ್ಲಾಸ್ಟಿಕ್ ಸ್ಟೂಲನ್ನು ಯಾರೋ ನೆಲದ ಮೇಲೆ ಎಳೆದ ಸದ್ದು. ಒಂದು ಗೇಣು ಎಳೆದು, ನಿಲ್ಲಿಸಿ, ಮತ್ತೆ ಒಂದು ಗೇಣು. ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷವಿತ್ತು. ಅತ್ತೆ ನೀರು ಕುಡಿಯಲು ಎದ್ದಿರಬೇಕು ಅಂದುಕೊಂಡೆ. ಅವರಿಗೆ ಮಂಡಿನೋವು, ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತೇ ನೀರು ಕುಡಿಯುತ್ತಾರೆ. ಇಡೀ ದಿನ ನಿಂತು ನಿಂತು ನನ್ನ ಕಾಲುಗಳೂ ಸೋತಿದ್ದವು. ಸದ್ದು ನಿಂತಿತು. ನಾನು ಮಗ್ಗುಲು ಬದಲಿಸಿದೆ.

ರಾತ್ರಿ ಮೂರು ಸಲ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುವವಳು ನಾನು. ಆ ರಾತ್ರಿ ಮಾತ್ರ ಹತ್ತು ನಿಮಿಷ ಏಳಲಿಲ್ಲ.

ನಾವು ಸ್ವೀಡನ್ನಿನಿಂದ ಮರಳಿ ಬಂದದ್ದು ಜನವರಿಯಲ್ಲಿ, ಮೆಟ್ರೊ ಪೀಣ್ಯದವರೆಗೆ ಓಡಲು ಶುರುವಾದ ವರ್ಷ. ನನ್ನ ಗಂಡ ಬಸು ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಎಂಜಿನಿಯರ್. ಕಂಪನಿ ಅವರನ್ನು ಎರಡೂವರೆ ವರ್ಷ ವೆಸ್ತೆರೋಸ್ ಎಂಬ ಊರಿಗೆ ಕಳಿಸಿತ್ತು. ಹೋಗುವಾಗ ನಮ್ಮ ಮಗಳು ರಕ್ಷಿತಾಗೆ ಮೂರೂವರೆ ವರ್ಷ. ಅಲ್ಲಿನ ಶಿಶುವಿಹಾರದಲ್ಲಿ ಆರು ತಿಂಗಳಿಗೇ ಸ್ವೀಡಿಷ್ ಭಾಷೆಯಲ್ಲಿ ಜಗಳ ಆಡುವಷ್ಟು ಕಲಿತಿದ್ದಳು. ಮನೆಯಲ್ಲಿ ಕನ್ನಡ, ಹೊರಗೆ ಸ್ವೀಡಿಷ್, ನಿದ್ದೆಯಲ್ಲಿ ಎರಡೂ.

ಇಲ್ಲಿಗೆ ಬಂದ ಮೇಲೆ ಮಾತು ನಿಂತಿತು. ಶಾಲೆಯಲ್ಲಿ ಒಂದಕ್ಷರ ಇಲ್ಲ. ಅಂಗಡಿಯಲ್ಲಿ, ಲಿಫ್ಟಿನಲ್ಲಿ, ನೆಂಟರ ಮುಂದೆ ಇಲ್ಲ. ಅಪ್ಪನ ಜೊತೆ ಹೂಂ, ಉಹೂಂ. ನನ್ನ ಜೊತೆ ಮಾತ್ರ, ಅದೂ ಕಿವಿಗೆ ಬಾಯಿಟ್ಟು, ಪಿಸುದನಿಯಲ್ಲಿ. ಮಕ್ಕಳ ಡಾಕ್ಟರು ಕಿವಿ ನೋಡಿದರು, ನಾಲಿಗೆ ನೋಡಿದರು, ಎರಡೂ ಸರಿಯಿವೆ ಅಂದರು. ಹಾವೇರಿಯಿಂದ ನಮ್ಮೊಡನಿರಲು ಬಂದ ಅತ್ತೆ ಶರಣಮ್ಮನವರು ಡಾಕ್ಟರನ್ನು ನಂಬಲಿಲ್ಲ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಮಾತು ಬರಲೆಂದು ಬಜೆ ಬೇರು ತೇಯ್ದು ಮೊಮ್ಮಗಳ ನಾಲಿಗೆಗೆ ತಿಕ್ಕುತ್ತಿದ್ದರು. ಅವಳು ಬಾಯಿ ತೆರೆಯುತ್ತಿದ್ದಳು, ತಿಕ್ಕಿಸಿಕೊಳ್ಳುತ್ತಿದ್ದಳು, ಮುಚ್ಚುತ್ತಿದ್ದಳು.

ಒಂದೇ ಒಂದು ಸಲ ಅಜ್ಜಿಯ ಎದುರು ಮಾತಾಡಿದ್ದಳು. ಯುಗಾದಿಯ ದಿನ ಅತ್ತೆ ಎರಡನೆಯ ಹೋಳಿಗೆ ಬಡಿಸುವಾಗ "ಸಾಕು" ಅಂದಳು. ಅಷ್ಟೇ. ಅತ್ತೆ ಹೋಳಿಗೆಯ ಬುಟ್ಟಿ ಬಿಟ್ಟು ದೇವರ ಮುಂದೆ ದೀಪ ಹಚ್ಚಿದರು. ಪಕ್ಕದ ಮೂರು ಮನೆಗೆ ಸಕ್ಕರೆ ಕೊಟ್ಟು ಬಂದರು. ಹಾವೇರಿಗೆ ಫೋನು ಹೋಯಿತು. ಅಲ್ಲಿಂದ ಒಬ್ಬೊಬ್ಬರಾಗಿ, "ಎಲ್ಲಿ, ಇನ್ನೊಮ್ಮೆ ಅನ್ನವ್ವಾ, ಸಾಕು ಅನ್ನು" ಎಂದು ಫೋನಿನೊಳಗಿಂದ ಗೋಗರೆದರು. ಬಸು ಅದನ್ನು ರೆಕಾರ್ಡ್ ಮಾಡಲು ಮೊಬೈಲ್ ಹಿಡಿದು ಕೂತರು. ನಾನೂ, ಒಪ್ಪಿಕೊಳ್ಳಬೇಕು, ಅವಳ ಬಾಯನ್ನೇ ನೋಡುತ್ತಿದ್ದೆ. ಅಂದಿನಿಂದ ಅವಳು ಊಟಕ್ಕೆ ಕೂತರೆ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದಳು. ಬೇಡವಾದರೆ ತಟ್ಟೆ ಹಿಂದಕ್ಕೆ ಸರಿಸುತ್ತಾಳೆ.

"ಆಕೀಗೆ ಅಲ್ಲಿದು ನೆನಪಾಗ್ತೈತಿ, ಮಾದೇವಿ. ಅಲ್ಲಿದನ್ನ ಇಲ್ಲೇ ಮಾಡೂಣು" ಅಂದರು ಬಸು.

ಹಾಗೆ ಶುರುವಾಯಿತು ನಮ್ಮ ಆ ಬೇಸಿಗೆ. ಏಪ್ರಿಲ್ ಕೊನೆಯ ದಿನ ಅಲ್ಲಿ ಚಳಿಗಾಲ ಕಳೆಯಿತೆಂದು ಊರೂರಲ್ಲಿ ಬೆಂಕಿ ಹಾಕುತ್ತಾರೆ. ಬಸು ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಮಾವಿನಹಣ್ಣಿನ ಖಾಲಿ ಪೆಟ್ಟಿಗೆ ಒಡೆದು ಬೆಂಕಿ ಹಾಕಿದರು. ಹತ್ತು ನಿಮಿಷಕ್ಕೆ ಅಸೋಸಿಯೇಷನ್ ಸೆಕ್ರೆಟರಿ ವೆಂಕಟರಮಣಪ್ಪ ಲುಂಗಿಯಲ್ಲೇ ಮೇಲೆ ಬಂದರು.

"ಸಾರ್, ಸಂಕ್ರಾಂತಿ ಮುಗಿದೋಯ್ತು, ದೀಪಾವಳಿ ಇನ್ನೂ ದೂರ. ಇದ್ಯಾವ ಹಬ್ಬ ಸಾರ್, ವಾಟರ್ ಟ್ಯಾಂಕ್ ಪಕ್ಕ?"

"ಚಳಿಗಾಲ ಹೋತ್ರಿ ಸರ, ಅದಕ್ಕ."

"ಬೆವರು ಒರೆಸ್ಕೊಳ್ಳಿ ಮೊದ್ಲು" ಅಂದು ಒಂದು ಬಕೆಟ್ ನೀರು ಸುರಿದು ಹೋದರು.

ಗುರುವಾರಗಳಂದು ಬಟಾಣಿ ಸೂಪು ಮತ್ತು ಪ್ಯಾನ್‌ಕೇಕು ಮಾಡಿದೆ. ಅಲ್ಲಿ ಗುರುವಾರ ಎಲ್ಲರ ಮನೆಯಲ್ಲೂ ಅದೇ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಹಾಗಾಗಿ ಹಾಲು, ಮೈದಾ, ಬಾಳೆಹಣ್ಣು. ಅತ್ತೆ ತುದಿ ಮುರಿದು ರುಚಿ ನೋಡಿ, "ಬಟಾಣಿ ಸಾರು, ಸಿಹಿ ದ್ವಾಸಿ. ಇಷ್ಟ ಕಲಿಯಾಕ ವಿಮಾನ ಹತ್ತಿ ಹೋಗಿದ್ರೇನು?" ಅಂದರು. ದಾಲ್ಚಿನ್ನಿ ಬನ್ನು ಮಾಡಿದೆ, ಮೂರು ಸಲ ಕಲ್ಲಾಯಿತು, ನಾಲ್ಕನೆಯ ಸಲ ಸರಿಬಂತು. ರಕ್ಷಿತಾ ಎಲ್ಲವನ್ನೂ ತಿಂದಳು. ಮಾತಾಡಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಅವಳ ಒಂದನೇ ತರಗತಿಯ ಟೀಚರ್ ಲಾವಣ್ಯ ಮಿಸ್ ಮೊದಲ ವಾರವೇ ನನ್ನನ್ನು ಕರೆಸಿದರು.

"ಮೇಡಂ, ಬರೆಯೋದೆಲ್ಲ ಮುತ್ತಿನ ಹಾಗೆ ಬರೀತಾಳೆ. ಆದ್ರೆ ಓರಲ್ ಅಂತ ಒಂದಿದೆಯಲ್ಲ. ಪ್ರಿನ್ಸಿಪಾಲ್ ಮೇಡಂ, ಮತ್ತೆ ಯುಕೆಜಿಗೆ ಹಾಕಿ ಅಂತಿದಾರೆ. ನಾನೇ ಇಪ್ಪತ್ಮೂರನೇ ತಾರೀಖು ಸೋಮವಾರದವರೆಗೆ ಟೈಮ್ ಕೇಳಿದೀನಿ. ನೀವು ಒಂದು ನೋಟ್‌ಬುಕ್ ಇಡಿ. ಏನು ಮಾತಾಡಿದ್ಲು, ಯಾರ ಹತ್ರ, ಯಾವಾಗ. ಮನೆಯವರನ್ನ ಬಿಟ್ಟು ಹೊರಗಿನವರೊಬ್ಬರ ಜೊತೆ ಒಂದು ವಾಕ್ಯ ಆಡಿದ್ರೂ ಸಾಕು, ನಾನು ಅದನ್ನ ಹಿಡ್ಕೊಂಡು ವಾದ ಮಾಡ್ತೀನಿ."

ಒಂದು ವಾಕ್ಯ. ನಾನು ನೂರು ಪುಟದ ನೋಟ್‌ಬುಕ್ ತಂದೆ. ಗೆರೆ ಎಳೆದು ತಾರೀಖು, ಸಮಯ, ಯಾರೊಂದಿಗೆ, ಏನು ಎಂದು ನಾಲ್ಕು ಭಾಗ ಮಾಡಿದೆ. ಅವಳು ನನ್ನ ಕಿವಿಯಲ್ಲಿ ಹೇಳಿದ್ದನ್ನೆಲ್ಲ ಅವಳು ಅತ್ತ ತಿರುಗಿದ ಕೂಡಲೇ ಬರೆಯುತ್ತಿದ್ದೆ. "ಯಾರೊಂದಿಗೆ" ಎಂಬಲ್ಲಿ ಪ್ರತಿ ಸಾಲಿನಲ್ಲೂ "ಅಮ್ಮ". ಅವಳನ್ನು ಅಂಗಡಿಗೆ ಕರೆದೊಯ್ದು ಅವಳ ಕೈಗೇ ದುಡ್ಡು ಕೊಟ್ಟು ದೂರ ನಿಂತೆ. ಅವಳು ಬೇಕಾದದ್ದನ್ನು ಬೆರಳಿಟ್ಟು ತೋರಿಸಿ ತಂದಳು. ಅವಳು ಆಡುವಾಗ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ಒಂದು ದಿನ ಅವಳು ಆಟ ನಿಲ್ಲಿಸಿ, ಎದ್ದು ಬಂದು, ಆ ಸಂದಿಯನ್ನು ಮೆಲ್ಲಗೆ ಮುಚ್ಚಿದಳು.

ಇಪ್ಪತ್ತೊಂದು ಶನಿವಾರ ಮಿಡ್‌ಸಮ್ಮರ್ ಹಬ್ಬ ಇಟ್ಟುಕೊಂಡೆವು. ಸ್ವೀಡನ್ನಿನಲ್ಲಿ ವರ್ಷದ ದೊಡ್ಡ ಹಬ್ಬ ಅದು, ಸೂರ್ಯ ಹೆಚ್ಚುಕಡಿಮೆ ಮುಳುಗುವುದೇ ಇಲ್ಲ. ಬಸುವಿನ ಕಾರ್ಖಾನೆಯಿಂದ ಎರಡು ಸಂಸಾರ ಬಂದಿದ್ದವು. ಟೆರೇಸಿನಲ್ಲಿ ಅಲ್ಲಿನವರ ಹಾಗೆ ಬಿದಿರ ಗಳ ನೆಟ್ಟು ಮಾವಿನ ಸೊಪ್ಪು, ಚೆಂಡುಹೂವು ಸುತ್ತಿದರು. ಅತ್ತೆ ಮೆಟ್ಟಿಲಲ್ಲೇ ನಿಂತು ನೋಡಿ, "ಹಂದರಗಂಬ ಇದ್ದಂಗ ಐತಿ. ಮದುವಿ ಯಾರದಪಾ?" ಅಂದರು. ಬೇಯಿಸಿದ ಸಣ್ಣ ಆಲೂಗಡ್ಡೆಗೆ ಬೆಣ್ಣೆ, ಗಟ್ಟಿ ಮೊಸರು, ಹೆಚ್ಚಿದ ಸಬ್ಬಸಿಗೆ ಸೊಪ್ಪು. ಸೊಪ್ಪಿನ ವಾಸನೆಗೆ ಅತ್ತೆಯ ಮುಖ ಅರಳಿತು. "ಸಬ್ಬಸಗಿ ಅಷ್ಟು ದೂರ ಹೋಗೇತಿ? ಮತ್ತ ಅವರೂ ನಮ್ಮಂಥಾ ಮಂದೀನ ಬಿಡು." ಸ್ಟ್ರಾಬೆರಿ ಸಿಗದೆ ಕೇಕಿನ ಮೇಲೆ ಮಾವಿನಹಣ್ಣು ಹಚ್ಚಿದ್ದೆ. ಆ ಹಬ್ಬದ ಪದ್ಧತಿಯಂತೆ ಮಕ್ಕಳೂ ಗಂಡಸರೂ ಗಳದ ಸುತ್ತ ಕಪ್ಪೆಗಳ ಹಾಗೆ ಕುಪ್ಪಳಿಸಿದರು. ರಕ್ಷಿತಾ ಎಲ್ಲರಿಗಿಂತ ಚೆನ್ನಾಗಿ ಕುಪ್ಪಳಿಸಿದಳು. ಬಹಳ ದಿನದ ಮೇಲೆ ಅವಳ ಹಲ್ಲು ಕಂಡವು.

ಆಮೇಲೆ ಬಸು ಮಕ್ಕಳನ್ನು ಕೂರಿಸಿಕೊಂಡು ಏಳು ಹೂವಿನ ಕತೆ ಹೇಳಿದರು. "ಇವತ್ತ ರಾತ್ರಿ ಏಳು ನಮೂನಿ ಹೂ ಕೀಳಬೇಕು. ಕೀಳೂತನಾ ಯಾರ ಜೋಡಿನೂ ಮಾತಾಡಬಾರದು. ಯಾರು ಕರದ್ರೂ ಓ ಅನಬಾರದು. ದಿಂಬಿನ ಕೆಳಗ ಇಟಗೊಂಡು ಮಲಗಿದ್ರ ಕನಸು ಬೀಳ್ತೈತಿ, ಅದು ಖರೇ ಆಗ್ತೈತಿ. ಯಾರಿಗೂ ಹೇಳಬಾರದು, ಅಷ್ಟ."

ಅಲ್ಲಿ ಹುಡುಗಿಯರ ಕನಸಿನಲ್ಲಿ ಬರುವುದು ಮುಂದೆ ಮದುವೆಯಾಗುವ ಗಂಡು. ಅದನ್ನು ಬಸು ಹೇಳದೆ ಬಿಟ್ಟರು. ಅವರು ಅಡುಗೆಮನೆಗೆ ಬಂದಾಗ ನಾನು ತಡೆದು ಕೇಳಿದೆ.

"ಮಾತೇ ಆಡದ ಮಗೂಗೆ ಮಾತಾಡ್ಬೇಡ ಅಂತ ಆಟ ಹೇಳ್ಕೊಡ್ತೀರಲ್ರೀ."

"ನೀ ಎಲ್ಲಾದಕ್ಕೂ ಅಂಜತಿ. ಆಟ ಅದು. ಒಂದರಾಗರ ಆಕಿ ಗೆಲ್ಲಲಿ."

ಬಂದವರು ಹೋಗುವಷ್ಟರಲ್ಲಿ ಕತ್ತಲಾಗಿತ್ತು. ರಕ್ಷಿತಾ ದೇವರ ಕೋಣೆಯಿಂದ ಅಜ್ಜಿಯ ಬೆತ್ತದ ಹೂಬುಟ್ಟಿ ತಂದು ಬಾಗಿಲಲ್ಲಿ ನಿಂತಳು. ಅತ್ತೆ ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡರು.

"ಹೊತ್ತು ಮುಳಗಿದ ಮ್ಯಾಲ ಗಿಡಾ ಮುಟ್ಟಬಾರದು ಕೂಸ. ಮಲಗಿರ್ತಾವ. ಮುಂಜಾನೆ ನಾನ ಹರಕೊಡ್ತೇನಿ, ಏಳಲ್ಲ, ಹತ್ತು."

ಬಸು ನನ್ನ ಮುಖ ನೋಡಿದರು, ನಾನು ಅವರ ಮುಖ. ಅತ್ತೆಯ ಮಾತು ಮೀರುವ ಧೈರ್ಯ ಇಬ್ಬರಿಗೂ ಇರಲಿಲ್ಲ. "ಬೆಳಿಗ್ಗೆ ಕಿತ್ಕೊಳ್ಳೋಣ ಪುಟ್ಟಿ, ಆಯ್ತಾ?" ಅಂದೆ. ರಕ್ಷಿತಾ ಬಾಗಿಲಿನಿಂದ ಒಳಗೆ ಬಂದಳು. ಹೋಗಿ ಮಲಗಿದಳು. ಬೇರೆ ಮಗುವಾಗಿದ್ದರೆ ಅತ್ತು ರಂಪ ಮಾಡುತ್ತಿತ್ತು, ನಮಗೆ ಗೊತ್ತಾಗುತ್ತಿತ್ತು. ಇವಳ ಮೌನವನ್ನು ನಾವು ಒಪ್ಪಿಗೆ ಅಂದುಕೊಂಡೆವು.

ಸ್ಟೂಲಿನ ಆ ಸದ್ದು ಕೇಳಿ ಹತ್ತು ನಿಮಿಷ ಕಳೆದಿರಬೇಕು. ಅತ್ತೆ ಮರಳಿ ಮಲಗಿದ ಸದ್ದು ಬರಲಿಲ್ಲವಲ್ಲ ಅನ್ನಿಸಿ ಎದ್ದೆ. ಅತ್ತೆ ತಮ್ಮ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಮುಂಬಾಗಿಲ ಹತ್ತಿರ ಸ್ಟೂಲು ಇತ್ತು. ಮೇಲಿನ ಚಿಲಕ ತೆಗೆದಿತ್ತು. ರಕ್ಷಿತಾಳ ಹಾಸಿಗೆ ಖಾಲಿ. ದೇವರ ಕೋಣೆಯಲ್ಲಿ ಹೂಬುಟ್ಟಿ ಇರಲಿಲ್ಲ.

ಬಸುವನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಎಬ್ಬಿಸಿ ಹೇಳುವಷ್ಟು ಹೊತ್ತು ನಿಲ್ಲಲು ಕಾಲು ಕೇಳಲಿಲ್ಲ. ಮೂರು ಮಹಡಿ ಇಳಿದೆ. ಗೇಟಿನ ಪಕ್ಕ ವಾಚ್‌ಮನ್ ಚಿಕ್ಕಬೈರಪ್ಪನ ಕುರ್ಚಿ ಖಾಲಿಯಿತ್ತು, ಅದರ ಮೇಲೆ ಅವನ ಕಂಬಳಿ ಮಾತ್ರ. ಗೇಟು ಹಾಕಿತ್ತು. ಪಾರ್ಕಿಂಗಿನಲ್ಲಿ ಒಂದೊಂದು ಕಾರಿನ ಹಿಂದೆಯೂ ಬಗ್ಗಿ ನೋಡಿದೆ. "ಪುಟ್ಟಿ" ಅಂದೆ, ಮೊದಲು ಮೆಲ್ಲಗೆ. ಆಮೇಲೆ ಸ್ವಲ್ಪ ಜೋರಾಗಿ, "ರಕ್ಷಿತಾ." ಗೋಡೆಯಾಚೆಯ ಶೆಡ್ಡಿನಲ್ಲಿ ರಾತ್ರಿ ಪಾಳಿಯ, ತಗಡು ಒತ್ತುವ ಪವರ್ ಪ್ರೆಸ್ಸು ಧಡ್, ಧಡ್ ಎನ್ನುತ್ತಿತ್ತು. ಎರಡು ಧಡ್ಡುಗಳ ನಡುವೆ ಕರೆದೆ. ಉತ್ತರ ಇಲ್ಲ.

ಹಿಂಬದಿಗೆ ಓಡಿದೆ. ಅಲ್ಲಿ ಕಾಂಪೌಂಡಿಗೆ ಒಂದು ಕಬ್ಬಿಣದ ಸಣ್ಣ ಬಾಗಿಲಿದೆ. ಅದರಾಚೆ ಒಂದು ಖಾಲಿ ಸೈಟು, ಸೈಟಿನ ಅಂಚಿಗೆ ಕಾರ್ಖಾನೆಗಳ ನೀರು ಹರಿಯುವ ದೊಡ್ಡ ಮೋರಿ, ತಡೆಗೋಡೆ ಇಲ್ಲದ್ದು. ಹಗಲಲ್ಲೂ ಆ ಬಾಗಿಲಿಗೆ ಬೀಗ ಇರುತ್ತದೆ. ಈಗ ಬಾಗಿಲು ತೆರೆದಿತ್ತು. ಬೀಗ ಚಿಲಕದಲ್ಲಿ ಜೋತಾಡುತ್ತಿತ್ತು.

"ರಕ್ಷಿತಾ, ಅಮ್ಮ ಕರೀತಿದೀನಿ, ಓ ಅನ್ನಮ್ಮ."

ಆಗ ನೆನಪಾಯಿತು. ಯಾರು ಕರೆದರೂ ಓ ಅನ್ನಬಾರದು. ಅವಳು ಹತ್ತು ಹೆಜ್ಜೆ ದೂರದಲ್ಲಿ ನಿಂತು ನನ್ನ ದನಿ ಕೇಳುತ್ತಿದ್ದರೂ ಓಗೊಡುವುದಿಲ್ಲ. ಮೋರಿಗೆ ಬಿದ್ದಿದ್ದರೂ ಬಾಯಿ ಬಿಡುವುದಿಲ್ಲ. ನಾವೇ ಕಲಿಸಿದ್ದು. ಅವಳಿಗೆ ಗೆಲ್ಲಲು ಬರುವ ಆಟ ಅದೊಂದೇ.

ಕೂಗುವುದನ್ನು ನಿಲ್ಲಿಸಿದೆ. ಕೂಗಿದಷ್ಟೂ ನನಗೇ ಏನೂ ಕೇಳಿಸುತ್ತಿರಲಿಲ್ಲ. ಮೋರಿಯ ನೀರಿನ ಸದ್ದು, ಪ್ರೆಸ್ಸಿನ ಸದ್ದು, ಹೆದ್ದಾರಿಯ ಲಾರಿಗಳು. ಆಮೇಲೆ ಒಣಹುಲ್ಲಿನಲ್ಲಿ ಚಪ್ಪಲಿಯ ಸದ್ದು. ಒಂದು ಟಾರ್ಚಿನ ಬೆಳಕು ಸೈಟಿನ ಮೂಲೆಯಿಂದ ಕುಂಟುತ್ತ ಬಂತು. ಚಿಕ್ಕಬೈರಪ್ಪ. ಅವನ ಕೈ ಹಿಡಿದುಕೊಂಡು, ಎದೆಗೆ ಹೂಬುಟ್ಟಿ ಅವಚಿಕೊಂಡು, ನನ್ನ ಮಗಳು.

"ಕೂಗ್ಬ್ಯಾಡಿ ಅಮ್ಮಾರೆ, ಇಲ್ಲೇ ಅದೆ ಮಗ" ಅಂದ.

ನಾನು ಅವಳನ್ನು ಎತ್ತಿಕೊಂಡೆ. ಕಾಲಿಗೆಲ್ಲ ಮುಳ್ಳಿನ ಕಾಯಿ ಅಂಟಿದ್ದವು. ಹೊಡೆಯಬೇಕು ಅನ್ನಿಸಿತು, ಹೊಡೆಯಲಿಲ್ಲ. ಚಿಕ್ಕಬೈರಪ್ಪ ಈ ಕಡೆಯವನೇ, ನಾಗಸಂದ್ರದ ಹಳಬ. ನಮ್ಮ ಕಟ್ಟಡ ಏಳುವ ಮೊದಲು ಅಲ್ಲಿ ಯಾವ ಮರ ಇತ್ತು ಎಂದು ಹೇಳಬಲ್ಲವನು. ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತಷ್ಟೇ. ನಮ್ಮ ಮನೆಯ ಕತೆ ಅವನಿಗೆ ಗೊತ್ತಿರಲಿಲ್ಲ.

"ಇಷ್ಟೊತ್ನಲ್ಲಿ ಇಲ್ಲಿಗೆ ಯಾಕೆ ಕರ್ಕೊಂಡ್ಬಂದ್ರಿ ಇವಳನ್ನ?"

"ನಾನೆಲ್ಲಿ ಕರ್ಕಂಬಂದೆ? ನಾನು ಅಂಗೇ ಕುರ್ಚಿ ಮ್ಯಾಲೆ ಒಂಚೂರು ಕಣ್ಮುಚ್ಚಿದ್ದೆ. ಈ ಮಗ ಬಂದು ಅಲ್ಲಾಡಿಸ್ತು. ತಾತ, ಗೋಡೆ ಆಚೆ ಹಳದಿ ಹೂವಿದೆ, ನಂಗೆ ಒಂದು ಬೇಕು, ಬಾಗಿಲು ತೆಗಿ ಅಂತು. ಒಂದನ್ನೇ ಕಳಿಸಕ್ಕಾಯ್ತದಾ? ಮೋರಿ ಅದೆ. ಅದ್ಕೆ ನಾನೇ ಜೊತೇಲ್ ಬಂದೆ. ಅದು ತಂಗಡಿ ಊವು ಅಮ್ಮಾರೆ, ಮೊದ್ಲು ಇಲ್ಲೆಲ್ಲ ಅದೇ."

"ಅಂತು ಅಂದ್ರೆ? ಬಾಯಿಬಿಟ್ಟು ಹೇಳಿದ್ಲಾ?"

"ಬಾಯಿ ಬಿಡ್ದೆ ಇನ್ನೇನು ಮೂಗಲ್ಲಿ ಏಳಾಯ್ತದಾ?" ಅವನು ನಕ್ಕ. "ಚೆಂದಾಗ್ ಮಾತಾಡ್ತದೆ. ಅಮ್ಮನ್ನ ಎಬ್ಬಿಸ್ತೀನಿ ಇರು ಅಂದ್ರೆ, ಬೇಡ ತಾತ, ಅಮ್ಮ ಬರ್ಕೊಳ್ತಾರೆ ಅಂತು. ಏನ್ ಬರ್ಕೊಂತೀರೋ ನಂಗೊತ್ತಿಲ್ಲಪ್ಪ."

ರಕ್ಷಿತಾ ನನ್ನ ಮುಖ ನೋಡುತ್ತಿರಲಿಲ್ಲ. ಕಣ್ಣರಳಿಸಿ ಆ ಮುದುಕನ ಬಾಯನ್ನೇ ನೋಡುತ್ತಿದ್ದಳು, ಇನ್ನೂ ಏನೇನು ಹೇಳಿಬಿಡುತ್ತಾನೋ ಎಂಬಂತೆ. ನಾವೆಲ್ಲ ಐದು ತಿಂಗಳು ಅವಳ ಬಾಯನ್ನು ಹಾಗೆಯೇ ನೋಡಿದ್ದೆವು.

ಮನೆ ಹೊಕ್ಕು ಚಿಲಕ ಹಾಕುವಾಗ ಅತ್ತೆಯ ಕೋಣೆಯಿಂದ ದನಿ ಬಂತು. "ಯಾರದು?"

"ನಾನೇ ಅತ್ತೆ. ಚಿಲಕ ಹಾಕಿದೆಯಾ ಅಂತ ನೋಡ್ದೆ."

"ಎಷ್ಟ ಸಲ ನೋಡ್ತಿ ಮಾರಾಯ್ತಿ. ಮಲಕೊ" ಅಂದು ಆ ಕಡೆ ತಿರುಗಿದರು.

ರಕ್ಷಿತಾಳ ಕಾಲು ಒರೆಸಿ ಮಲಗಿಸಿದೆ. ಅವಳು ದಿಂಬು ಎತ್ತಿ ಒಂದೊಂದೇ ಹೂವನ್ನು ಜೋಡಿಸಿದಳು. ಮುದುಡಿದ ದಾಸವಾಳ, ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪ, ಕಾಗದದ ಹೂವು, ಮಧ್ಯಾಹ್ನದ ಗಳದಿಂದ ಉದುರಿದ್ದ ಚೆಂಡುಹೂವು. ಕೊನೆಗೆ ತಂಗಡಿ, ಅರಿಶಿನದ ಬಣ್ಣದ್ದು. ದಿಂಬು ಮುಚ್ಚಿ, ನನ್ನ ಕೊರಳು ಬಳಸಿ, ಕಿವಿಗೆ ಬಾಯಿಟ್ಟಳು.

"ಅಮ್ಮ, ಆರು ಹೂವು ಮಾತಾಡ್ದೆ ಕಿತ್ತೆ."

"ಹೂಂ."

"ಏಳನೇದಕ್ಕೆ ಬೀಗ ಇತ್ತು."

"ಹೂಂ."

"ನೀನು ಕರೆದಾಗ ಓ ಅನ್ಲಿಲ್ಲ. ತಾತನ ಹತ್ರ ಮಾತ್ರ ಹೇಳಿದ್ದು. ಕನಸು ಬೀಳಲ್ವಾ ಈಗ?"

ನಾನು ಯೋಚಿಸಿದೆ. "ಯಾರಿಗೂ ಗೊತ್ತಾಗ್ದಿದ್ರೆ ಬೀಳತ್ತೆ."

"ಪಪ್ಪಂಗೆ?"

"ಇಲ್ಲ."

"ಅಜ್ಜಿಗೆ? ಮಿಸ್‌ಗೆ?"

ತಲೆ ಸವರಿದೆ. ಅವಳು ಕಾಯುತ್ತ ಕಾಯುತ್ತ ನಿದ್ದೆ ಹೋದಳು.

ಅಡುಗೆಮನೆಯ ದೀಪ ಹಾಕಿ ನೋಟ್‌ಬುಕ್ ತೆಗೆದೆ. ಪೆನ್ನಿನ ಮುಚ್ಚಳ ತೆಗೆದೆ. ಹೊರಗಿನವರು, ಪೂರ್ತಿ ವಾಕ್ಯ, ಅದೂ ಒಂದಲ್ಲ, ಎರಡು. ಬೇಕಾದರೆ ಚಿಕ್ಕಬೈರಪ್ಪನನ್ನೇ ಶಾಲೆಗೆ ಕರೆದೊಯ್ಯಬಹುದು. ಲಾವಣ್ಯ ಮಿಸ್ ಇದನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು ವಾದ ಮಾಡುತ್ತಾರೆ. ಮಗಳು ಒಂದನೇ ತರಗತಿಯಲ್ಲಿ ಉಳಿಯುತ್ತಾಳೆ. ನಾಲ್ಕು ಭಾಗಗಳನ್ನು ತುಂಬಿದರೆ ಸಾಕು.

ಆಮೇಲೆ ಏನಾಗುತ್ತದೆ ಎಂಬುದೂ ನನಗೆ ಕಂಡಿತು. ಲಾವಣ್ಯ ಮಿಸ್ ಬಗ್ಗಿ ಅವಳ ಗಲ್ಲ ಹಿಡಿದು, ವಾಚ್‌ಮನ್ ತಾತಂಗೆ ಹೇಳಿದ್ಯಂತೆ, ನಂಗೂ ಹೇಳು ಅನ್ನುತ್ತಾರೆ. ಬಸು ಸಂಜೆಗೊಮ್ಮೆ ಅವಳನ್ನು ಗೇಟಿಗೆ ಕರೆದೊಯ್ದು ಚಿಕ್ಕಬೈರಪ್ಪನ ಮುಂದೆ ನಿಲ್ಲಿಸುತ್ತಾರೆ, ಮೊಬೈಲ್ ಹಿಡಿದು. ಅತ್ತೆ ಇಡೀ ಅಪಾರ್ಟ್‌ಮೆಂಟಿಗೆ ಸಕ್ಕರೆ ಹಂಚುತ್ತಾರೆ. ಅವಳು ಆ ಮುದುಕನ ಎದುರೂ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಅಮ್ಮ ಬರ್ಕೊಳ್ತಾರೆ ಅಂದಿದ್ದಾಳೆ. ನನ್ನ ಮಗಳು ಕತ್ತಲಲ್ಲಿ ಮೂರು ಮಹಡಿ ಇಳಿದು ಹೋದದ್ದು ಹೂವಿಗೆ. ಆದರೆ ಬಾಯಿ ಬಿಟ್ಟದ್ದು, ತನ್ನ ಬಾಯನ್ನು ನೋಡದೆ ಇದ್ದ ಒಬ್ಬನ ಹತ್ತಿರ.

ಸೋಮವಾರ ಅವರು ಯುಕೆಜಿಗೆ ಹಾಕಿದರೆ ಹಾಕಲಿ ಎಂದು ನನಗೆ ಧೈರ್ಯವಾಗಿ ಅನ್ನಿಸಲಿಲ್ಲ. ನಾಳೆ ಬೆಳಿಗ್ಗೆ ಕೆಳಗಿಳಿದು, ಹಿಂಬದಿಯ ಕಬ್ಬಿಣದ ಬಾಗಿಲಿಗೆ ಇನ್ನೊಂದು ಬೀಗ ಹಾಕಿಸಿ, ಇವತ್ತಿನದನ್ನು ಯಾರ ಮುಂದೂ ಎತ್ತಬೇಡಿ ಎಂದು ಚಿಕ್ಕಬೈರಪ್ಪನಿಗೆ ಹೇಳಬೇಕು. ನಮ್ಮ ಮುಂಬಾಗಿಲಿಗೂ ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಒಂದು ಚಿಲಕ. ಅಷ್ಟನ್ನು ಮಾಡಿಯೇ ಮಾಡುತ್ತೇನೆ. ಇನ್ನುಳಿದದ್ದಕ್ಕೆ ಕಾಯಬೇಕು.

ಪೆನ್ನಿಗೆ ಮುಚ್ಚಳ ಹಾಕಿದೆ. ಇಪ್ಪತ್ತೊಂದನೇ ತಾರೀಖಿನ ಮುಂದೆ ಏನೂ ಬರೆಯದೆ ನೋಟ್‌ಬುಕ್ಕನ್ನು ಹಿಟ್ಟಿನ ಡಬ್ಬಗಳ ಹಿಂದೆ ಇಟ್ಟೆ.

ಹಾಸಿಗೆಗೆ ಮರಳಿದಾಗ ಬಸು ಅರೆನಿದ್ದೆಯಲ್ಲಿ ಕೇಳಿದರು. "ಏನಾತು?"

"ಏನಿಲ್ಲ" ಅಂದೆ. "ಮಲಗಿ."